ತರಾಸು ‘ನಾಗರಹಾವು’ ಸಿನಿಮಾನ ‘ಕೇರೆಹಾವು’ ಅಂದದ್ದು ಸರಿನಾ?

ಓದುಗುಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಅಮ್ಮನ ಜೊತೆ ಕೂತು ‘ನಾಗರಹಾವು’ ಮತ್ತೆ ನೋಡಿದೆ. ಐದನೇ ಸಲವೋ ಆರನೇ ಸಲವೋ, ಲೆಕ್ಕ ತಪ್ಪಿದೆ. ಈಗ ತರಾಸು ಕಾದಂಬರಿ ಓದೋಕೆ ಶುರು ಮಾಡಿದ್ದೀನಿ. ಲೈಬ್ರರಿಯಲ್ಲಿ ಕೇಳಿದಾಗಲೇ ಗೊತ್ತಾಗಿದ್ದು, ಪುಟ್ಟಣ್ಣ ಕಣಗಾಲ್ ಒಂದಲ್ಲ, ಮೂರು ಕಾದಂಬರಿ ಸೇರಿಸಿ ಆ ಸಿನಿಮಾ ಮಾಡಿದ್ದಾರೆ ಅಂತ: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’.

ಸಿನಿಮಾ ನೋಡಿದ ತರಾಸು, ಪುಟ್ಟಣ್ಣ ತಮ್ಮ ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟರು ಅಂದಿದ್ದರಂತೆ. ಈ ಮಾತನ್ನ ಅಮ್ಮನಿಗೆ ಹೇಳಿದೆ. ಅವರು ಕಾಯಿ ತುರಿಯುತ್ತಾ ಇದ್ದರು, ತಲೆ ಎತ್ತಲಿಲ್ಲ. “ಬರೆದವರಿಗೆ ಹಾಗನ್ನಿಸಿರಬಹುದು. ನಾವು ಅತ್ತಿದ್ದೇನು ಸುಳ್ಳಾ?” ಅಂದರು.

ನನ್ನ ಪ್ರಶ್ನೆ ಇಷ್ಟೇ. ಜನ ಇಷ್ಟೊಂದು ಮೆಚ್ಚಿದ ಸಿನಿಮಾ ಬರೆದವರಿಗೆ ಯಾಕೆ ಹಿಡಿಸಲಿಲ್ಲ? ನಿಮಗೇನನ್ನಿಸುತ್ತೆ?

ಮೊದಲ ಬೆಂಚು:

ಮೂರು ಪುಸ್ತಕ ಒಂದು ಟಿಕೆಟ್ಟಿಗೆ ಹಿಡಿಸಬೇಕು ಅಂದ್ರೆ ಏನಾದರೂ ಬಿಡಲೇಬೇಕಲ್ವಾ? ಬರೆದವರಿಗೆ ಬಿಟ್ಟಿದ್ದು ಕಾಣುತ್ತೆ, ನೋಡುವವರಿಗೆ ಉಳಿದದ್ದು ಕಾಣುತ್ತೆ. ನಾಯಕನಾಗಿ ವಿಷ್ಣುವರ್ಧನ್ ಅವರ ಮೊದಲ ಸಿನಿಮಾ, ಅದಕ್ಕೇ ರಾಜ್ಯ ಪ್ರಶಸ್ತಿ ಬಂತು. ಆರತಿಗೂ ಬಂತು. ಅಂಬರೀಶ್ ಶುರು ಮಾಡಿದ್ದೂ ಇಲ್ಲೇ. ಇನ್ನೇನು ಬೇಕು?

ದುರ್ಗದ ಮೇಷ್ಟ್ರು:

ಮೊದಲ ಬೆಂಚಿನವರೇ, ಪ್ರಶಸ್ತಿ ಮಾತು ಬಿಡಿ. ಅವರು ಕೇಳ್ತಿರೋದು ಬೇರೆ.

ನಾನು ಚಿತ್ರದುರ್ಗದವನು. ಸಿನಿಮಾ ಬಂದಿದ್ದು 1972ರ ಡಿಸೆಂಬರ್ ಕೊನೆಗೆ. ನಾನು ನೋಡಿದ್ದು ಮುಂದಿನ ವರ್ಷ, ಪರೀಕ್ಷೆ ಮುಗಿಸಿಕೊಂಡು. ನಿಜ ಹೇಳಬೇಕಂದ್ರೆ ಅವತ್ತು ನಾವ್ಯಾರೂ ಕತೆ ನೋಡಲಿಲ್ಲ. “ಲೇ, ಅದು ನಾವು ಕೂರೋ ಬಂಡೆ ಕಣೋ!” ಅಂತ ಕೂಗಾಡಿದ್ದೇ ಜಾಸ್ತಿ. ‘ಬಾರೇ ಬಾರೇ’ ಹಾಡನ್ನ ಸ್ಲೋ ಮೋಷನ್ನಲ್ಲಿ ತೆಗೆದಿದ್ದಾರಲ್ಲ, ನಮಗೆ ಅದೆಲ್ಲ ಎಲ್ಲಿ ಗೊತ್ತು? ವಿಷ್ಣು ನಿಜವಾಗಲೂ ಹಾಗೇ ಓಡಿದ್ದಾನೆ ಅಂದುಕೊಂಡು ನನ್ನ ಗೆಳೆಯನೊಬ್ಬ ಕೋಟೆ ಮೇಲೆ ತೇಲಿಕೊಂಡು ಓಡೋಕೆ ಹೋದ. ಮಂಡಿ ಕಿತ್ತುಕೊಂಡು, ಹೊಸ ಪ್ಯಾಂಟೂ ಹರಿದುಕೊಂಡು ಮನೆಗೆ ಬಂದ.

ಆಮೇಲೆ 2018ರಲ್ಲಿ ಡಿಜಿಟಲ್ ಮಾಡಿ ಮತ್ತೆ ಬಿಟ್ಟಾಗ ಹೋದೆ. ಅಷ್ಟರಲ್ಲಿ ನಾನೂ ಮೇಷ್ಟ್ರಾಗಿ ರಿಟೈರ್ ಆಗಿದ್ದೆ. ನೀನು ಪ್ರೀತಿಸಿದ ಅಲಮೇಲುನ ಬಿಟ್ಟುಬಿಡು ಅಂತ ಚಾಮಯ್ಯ ಮೇಷ್ಟ್ರು (ಅಶ್ವತ್ಥ್) ನಾಯಕ ರಾಮಾಚಾರಿಗೆ ಹೇಳ್ತಾರಲ್ಲ, ಆ ಜಾಗಕ್ಕೆ ಬಂದಾಗ ಮೈಯೆಲ್ಲ ಉರಿದುಹೋಯಿತು. ಹದಿನೇಳರಲ್ಲಿ ಅದೇ ಜಾಗದಲ್ಲಿ ಅತ್ತಿದ್ದೆ. ಏನು ಗುರು, ಏನು ಶಿಷ್ಯ ಅಂತ! ಈಗ ನೋಡಿದರೆ, ಅಪ್ಪ ಅಮ್ಮನ ಮಾತು ಕೇಳದ, ಕಾಲೇಜಿಗೂ ಬಗ್ಗದ ಹುಡುಗ ಒಬ್ಬರ ಮುಂದೆ ಮಾತ್ರ ಮೆತ್ತಗಾಗ್ತಾನೆ. ಅವರು ಅದನ್ನೇ ಹಿಡಿದು ಎಳೆಯುತ್ತಾರೆ. ಅಶ್ವತ್ಥ್ ಅವರ ದನಿ ಬೇರೆ. ಆ ನಡುಗುವ ದನಿಯಲ್ಲಿ ತಪ್ಪು ಮಾತೂ ಸರಿ ಅನ್ನಿಸಿಬಿಡುತ್ತೆ.

ತರಾಸುಗೆ ಹಿಡಿಸದೇ ಇದ್ದದ್ದು ಇದೇ ಅಂತ ನನ್ನ ಊಹೆ. ಊರಿಗೇ ಬುಸುಗುಟ್ಟುವ ಹಾವು ಪುಂಗಿಗೆ ತಲೆ ತೂಗಿದರೆ ಬರೆದವರಿಗೆ ಹೇಗಾಗಬೇಡ?

ಆದರೂ ಕೇರೆಹಾವು ಅನ್ನೋದನ್ನ ನಾನು ಒಪ್ಪಲ್ಲ. ಮೇಷ್ಟ್ರ ಮಾತು ಕೇಳಿದ್ದರಿಂದ ಏನಾಯಿತು ಅಂತ ಪುಟ್ಟಣ್ಣ ಮುಚ್ಚಿಡಲಿಲ್ಲ. ಮದುವೆಯಾಗಿ ಹೋದ ಅಲಮೇಲು ಮತ್ತೆ ಸಿಗೋದು ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ, ಅದೂ ಹೋಟೆಲಲ್ಲಿ. ಕೊನೆಗೆ ಬೆಟ್ಟದ ತುದಿಯಿಂದ ಬೀಳೋದು ಅದೇ ಮೇಷ್ಟ್ರು. ಕೇರೆಹಾವು ಕಚ್ಚಿದರೆ ಯಾರೂ ಸಾಯಲ್ಲ. ಇಲ್ಲಿ ವಿಷ ತಡವಾಗಿ ಏರಿದೆ, ಅಷ್ಟೇ.

ನನ್ನ ತಕರಾರು ಇರೋದು ಅಲಮೇಲು ಆದಮೇಲೆ ರಾಮಾಚಾರಿಯ ಬದುಕಿಗೆ ಬರುವ ಮಾರ್ಗರೆಟ್ ವಿಷಯದಲ್ಲಿ. ಶುಭಾ ಎಷ್ಟು ಚೆನ್ನಾಗಿ ಮಾಡಿದ್ದಾರೆ! ಆದರೆ ಅಲಮೇಲು ಕತೆಗೇ ಸಿನಿಮಾದ ಉಸಿರು ಅರ್ಧ ಹೋಗಿರುತ್ತೆ. ಇವಳ ಪ್ರೀತಿ ಬೆಳೆಯೋಕೆ ಜಾಗವೇ ಇಲ್ಲ. ಪ್ರೀತಿಸಿದಳು, ಊರು ಬೈಯ್ತು, ಸತ್ತಳು.

ಹಿಂದಿನ ಸೀಟು:

ಮೇಷ್ಟ್ರೇ, ಅಂಬರೀಶ್ ಮಾಡಿದ ಜಲೀಲನನ್ನ ಬಿಟ್ಟುಬಿಟ್ಟಿರಲ್ಲ! ಬುಲ್ ಬುಲ್ ಡೈಲಾಗಿಗೆ ಇವತ್ತಿಗೂ ಶಿಳ್ಳೆ ಬೀಳುತ್ತೆ. ಅವನು ಅಲಮೇಲುಗೆ ಕೊಡ್ತಿದ್ದದ್ದು ಕಾಟ. ನಾನು ಕಾಲೇಜಿಗೆ ಹೋಗುವ ಬಸ್ಸಲ್ಲಿ ಅದೇ ಮಾತು ಕೇಳಿಸಿಕೊಂಡಿದ್ದೀನಿ, ನಗು ಬಂದಿರಲಿಲ್ಲ. ಪುಟ್ಟಣ್ಣ ಅವನನ್ನ ಪೋಲಿ ಅಂತಲೇ ತೋರಿಸಿದ್ದಾರೆ. ಡೈಲಾಗನ್ನ ಮುದ್ದು ಮಾಡಿದ್ದು ನೋಡಿದವರು. ಸಿನಿಮಾಗೆ ನಂಬರ್ ಕೊಡುವಾಗ ನೋಡಿದವರಿಗೂ ಸ್ವಲ್ಪ ಕೊಡಬೇಕು, ಮೈನಸ್ಸಲ್ಲಿ.

ಇನ್ನೊಂದು. 1974ರಲ್ಲಿ ಇದೇ ಕತೆಯನ್ನ ಪುಟ್ಟಣ್ಣನವರೇ ಹಿಂದಿಯಲ್ಲಿ ರಿಷಿ ಕಪೂರ್ ಹಾಕಿಕೊಂಡು ಮಾಡಿದರು, ಓಡಲಿಲ್ಲ. ಕಿಶೋರ್ ಕುಮಾರ್ ಹಾಡಿದ್ದ ಒಂದು ಹಾಡು ಉಳಿಯಿತು. ಅದೇ ಡೈರೆಕ್ಟರ್, ಅದೇ ಕತೆ. ಹಾಗಾದರೆ ಇಲ್ಲಿ ಗೆದ್ದಿದ್ದು ಯಾವುದು? ನನ್ನ ಪ್ರಕಾರ ಅಶ್ವತ್ಥ್, ಲೀಲಾವತಿ ಇದ್ದ ಆ ಮೇಷ್ಟ್ರ ಮನೆ.

ಮೊದಲ ಬೆಂಚು:

ತರಾಸು, ಪುಟ್ಟಣ್ಣ ಮುಖ ನೋಡದಷ್ಟು ಜಗಳ ಆಡಿಕೊಂಡಿದ್ದರು ಅಂದುಕೊಳ್ಳಬೇಡಿ ಮತ್ತೆ. ಪುಟ್ಟಣ್ಣನವರ ಕೊನೇ ಸಿನಿಮಾ ‘ಮಸಣದ ಹೂವು’. ಅದೂ ತರಾಸು ಕಾದಂಬರಿನೇ. ಮುಗಿಯುವ ಮುಂಚೆಯೇ ಪುಟ್ಟಣ್ಣ ಹೋಗಿಬಿಟ್ಟರು, ಕೆ.ಎಸ್.ಎಲ್. ಸ್ವಾಮಿ ಮುಗಿಸಿಕೊಟ್ಟರು.

ಓದುಗುಳಿ:

ಎಲ್ಲರಿಗೂ ಥ್ಯಾಂಕ್ಸ್. ಇದು ಗೊತ್ತೇ ಇರಲಿಲ್ಲ, ಅದನ್ನೂ ಹುಡುಕಿ ಓದ್ತೀನಿ. ಮೇಷ್ಟ್ರ ಉತ್ತರವನ್ನ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಮಾರ್ಗರೆಟ್ ವಿಷಯಕ್ಕೆ ಹೂಂ ಅಂದರು. ಚಾಮಯ್ಯ ಮೇಷ್ಟ್ರನ್ನ ಅಂದಿದ್ದಕ್ಕೆ ಮಾತ್ರ ಸಿಟ್ಟು ಬಂದಿದೆ. “ಅವರು ಅದ್ಯಾವ ಪಾಠ ಮಾಡ್ತಿದ್ದರು ಕೇಳು” ಅಂತಿದ್ದಾರೆ.

ದುರ್ಗದ ಮೇಷ್ಟ್ರು:

ಗಣಿತ ತಾಯಿ. ಯಾವ ಶಿಷ್ಯನ ಜೊತೆಗೂ ಬೆಟ್ಟದ ತುದಿಗೆ ಹೋಗ್ತಿರಲಿಲ್ಲ ಅಂತಲೂ ಹೇಳಿ.