ಹಳೆಯ ಮನೆಯ ಗೋಡೆಗೆ ಬುಡದಿಂದ ಏರುವ ತೇವ: ಪರಿಹಾರವೇನು?

ಪ್ರಶ್ನೆ: ತುಮಕೂರಿನಲ್ಲಿ ಕಲ್ಲಿನ ತಳಪಾಯದ ಮೇಲೆ ಕಟ್ಟಿದ ನಮ್ಮ ಹಳೆಯ ಇಟ್ಟಿಗೆ ಮನೆಯ ನಡುಮನೆಯಲ್ಲಿ, ಮೊಣಕಾಲೆತ್ತರದವರೆಗೆ ತೇವವೇರಿ, ಬಣ್ಣ ಉಬ್ಬಿ, ಬೆರಳು ತಾಗಿಸಿದರೆ ಬಿಳಿ ಉಪ್ಪು ಪುಡಿಯಾಗಿ ಉದುರುತ್ತಿದೆ. ಎರಡು ಬಾರಿ ಸಿಮೆಂಟ್ ಗಿಲಾವು ಮಾಡಿಸಿದರೂ ತೇವ ಅದರ ಮೇಲಂಚಿನಲ್ಲಿ ಮತ್ತೆ ಕಾಣಿಸಿಕೊಂಡಿದೆ.

ಉತ್ತರ 1: ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ನೆಲದ ನೀರು ಮೇಲೇರುತ್ತದೆ; ಸಿಮೆಂಟ್ ಗಿಲಾವು ಅದನ್ನು ಆರಲು ಬಿಡದ ಕಾರಣ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಗಿಲಾವನ್ನು ಕೆತ್ತಿಸಿ, ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಲು ಬಿಟ್ಟು, ಬಳಿಕ ಸುಣ್ಣದ ಗಾರೆ ಮಾಡಿಸುವುದು ಮೇಲು. ಜಲನಿರೋಧಕ ಬಣ್ಣಕ್ಕೆ ಹಣ ಸುರಿಯಬೇಡಿ.

ಉತ್ತರ 2: ಅದಕ್ಕೂ ಮೊದಲು ಹೊರಗೆ ನೋಡಿ. ನಮ್ಮಲ್ಲಿ ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತಿತ್ತು. ಇಳಿಜಾರು ಸರಿಪಡಿಸಿದ ಮೇಲೆ ಅರ್ಧ ತೊಂದರೆ ತಾನಾಗಿಯೇ ಕಳೆಯಿತು.

ಪ್ರಶ್ನಿಸಿದವರು: ಈಗಷ್ಟೇ ನೋಡಿದೆ, ಹೂಕುಂಡಗಳ ಸಾಲು ಅದೇ ಗೋಡೆಗೆ ಒರಗಿಕೊಂಡಿದೆ.