ಸಹಾಯ ಬೇಕು: ರಿಟೈರ್ ಆಗ್ತಿರೋ ಫುಟ್‌ಬಾಲ್ ಕೋಚ್‌ಗೆ ಏನು ಕೊಡೋದು?

ಎಲ್ರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಓದಿದ ಕಾಲೇಜಿನ ಫುಟ್‌ಬಾಲ್ ಕೋಚ್ ಈ ಸೀಸನ್ ಮುಗಿಸಿ ರಿಟೈರ್ ಆಗ್ತಿದಾರೆ, ಹೆಲ್ಮೆಟ್ ಹಾಕ್ಕೊಂಡು ಆಡೋ ಅಮೆರಿಕನ್ ಫುಟ್‌ಬಾಲು. ನಾನು ಟೀಮಿಗೆ ವಿಡಿಯೋ ತೆಗೀತಿದ್ದೆ, ಅಷ್ಟೇ, ಆದ್ರೂ ಮ್ಯಾಚ್ ಸೋತ ರಾತ್ರಿ ಅವ್ರು ಆಟದ ಒಂದೊಂದೇ ನಡೆನ ವಿಡಿಯೋದಲ್ಲಿ ರಿವೈಂಡ್ ಮಾಡಿ ನೋಡ್ತಾ, ಬೆಂಚ್ ಮೇಲಿರೋ ಹುಡುಗನ ತಪ್ಪನ್ನೂ ಬಿಡದೆ ಬರ್ಕೊಂಡು, ಬೆಳಿಗ್ಗೆ ಅವನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳ್ತಿದ್ದದ್ದನ್ನ ಕಣ್ಣಾರೆ ನೋಡಿದೀನಿ.

ಅಲಬಾಮಾ ಯೂನಿವರ್ಸಿಟಿಯ ಹೆಸರಾಂತ ಫುಟ್‌ಬಾಲ್ ಕೋಚ್ ನಿಕ್ ಸೇಬನ್ 2024ರಲ್ಲಿ ರಿಟೈರ್ ಆದ್ಮೇಲೆ ಅಲ್ಲಿಯವ್ರು ಮೈದಾನಕ್ಕೇ ಅವ್ರ ಹೆಸರಿಟ್ರು. ನಮ್ಮದು ಚಿಕ್ಕ ಕಾಲೇಜು, ಅದೆಲ್ಲ ನಮ್ಮ ಕೈಲಾಗಲ್ಲ. ಶೀಲ್ಡ್ ಕೊಟ್ಟು ಕೈ ತೊಳ್ಕೊಳ್ಳೋದಂತೂ ನಂಗಿಷ್ಟ ಇಲ್ಲ, ಮೂಲೇಲಿ ಧೂಳು ತಿನ್ನುತ್ತೆ. ಹಳೇ ಆಟಗಾರರೆಲ್ಲ ಸಹಿ ಮಾಡಿದ ಒಂದು ಚೆಂಡು, ಜೊತೆಗೆ ಒಬ್ಬೊಬ್ಬರು ಕೈಯಲ್ಲೇ ಬರೆದ ಪತ್ರ ಸೇರಿಸಿ ಒಂದು ಪುಸ್ತಕ ಅಂತ ಯೋಚ್ನೆ.

ಎಲ್ಲೆಲ್ಲೋ ಚದುರಿಹೋಗಿರೋ ಹಳೇ ಹುಡುಗರನ್ನ ಹುಡುಕಿ ಪತ್ರ ಬರೆಸೋದು ಹೇಗೆ? ಆ ಹಳೇ ಟೇಪುಗಳನ್ನ ಹಾಳಾಗದ ಹಾಗೆ ಡಿಜಿಟಲ್ ಮಾಡಿಸಿದವರು ಯಾರಾದ್ರೂ ಇದೀರಾ? ಕೊನೇ ಹೋಂ ಗೇಮ್ ನವೆಂಬರ್‌ನಲ್ಲಿ, ದಯವಿಟ್ಟು ಬೇಗ ಹೇಳಿ.