ಲ್ಯಾನ್ ಪಂದ್ಯದಲ್ಲಿ ಪ್ರೇಕ್ಷಕರ ಕೂಗು ಆಟಗಾರರಿಗೆ ಕೇಳಿಸುತ್ತಿದೆ: ಹೆಡ್‌ಸೆಟ್ ನಿಯಮ ಹೇಗಿರಬೇಕು?

ಪ್ರಶ್ನೆ:
ನಮ್ಮ ಕಾಲೇಜಿನ ಸಭಾಂಗಣದಲ್ಲಿ ಎಲ್ಲರೂ ಒಟ್ಟಿಗೆ ಕೂತು ಆಡುವ (ಲ್ಯಾನ್) ಕೌಂಟರ್-ಸ್ಟ್ರೈಕ್ 2, ಅಂದರೆ ಐದೈದು ಮಂದಿಯ ಎರಡು ತಂಡಗಳ ಗುಂಡಿನ ಕಾಳಗದ ಕಂಪ್ಯೂಟರ್ ಆಟದ, ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಗಂಭೀರವಾದ ತಕರಾರು ಎದ್ದಿದೆ. ಒಂದು ತಂಡದಲ್ಲಿ ಉಳಿದಿದ್ದ ಕೊನೆಯ ಆಟಗಾರ ಶಿಫ್ಟ್ ಕೀಲಿ ಒತ್ತಿ, ಹೆಜ್ಜೆ ಸಪ್ಪಳವಿಲ್ಲದೆ ಎದುರಾಳಿಯ ಬೆನ್ನ ಹಿಂದೆ ಸಾಗುತ್ತಿದ್ದಾಗ, ದೊಡ್ಡ ಪರದೆಯಲ್ಲಿ ಅದನ್ನು ಕಂಡ ಪ್ರೇಕ್ಷಕರು ಕೂಗಿಕೊಂಡರು; ಎದುರಾಳಿ ಆ ಕ್ಷಣದಲ್ಲೇ ತಿರುಗಿ ಗುಂಡು ಹಾರಿಸಿದ. ಆಟಗಾರರೆಲ್ಲ ತಮ್ಮ ತಮ್ಮ ಹೆಡ್‌ಸೆಟ್ ತಂದಿದ್ದರು. ಕೆಲವರದು ಬ್ಲೂಟೂತ್, ಕೆಲವರದು ವರ್ಚುವಲ್ 7.1 (ಸದ್ದು ಸುತ್ತಲಿನಿಂದ ಬಂದಂತೆ ಅನಿಸುವ ಹಾಗೆ ಮಾಡುವ ಸಂಸ್ಕರಣೆ) ಇರುವ ಯುಎಸ್‌ಬಿ. ಫೈನಲ್‌ಗೆ ಎಲ್ಲರಿಗೂ ಒಂದೇ ಮಾದರಿಯನ್ನು ಕಡ್ಡಾಯ ಮಾಡಿದರೆ ಸಾಕೆ? ಒಬ್ಬ ಆಟಗಾರನಿಗೆ ಎಡಗಿವಿ ಕೇಳಿಸುವುದಿಲ್ಲ. ಅವನ ವಿಷಯದಲ್ಲಿ ಏನು ಮಾಡಬೇಕು?

ಉತ್ತರ:
ಒಂದೇ ಮಾದರಿ ಸಾಲದು. ಹತ್ತೂ ಮಂದಿಗೆ ಅದೇ ಹೆಡ್‌ಸೆಟ್ ಕೊಟ್ಟರೂ ಕೂಗು ಒಳಗೆ ಬಂದೇ ಬರುತ್ತದೆ, ಮತ್ತು ನಷ್ಟವಾಗುವುದು ಸದ್ದಿಲ್ಲದೆ ನಡೆಯುವ ಕೌಶಲ ತೋರಿದವನಿಗೇ. ಆದ್ದರಿಂದ ನಿಯಮವನ್ನು ಉಪಕರಣದ ಹೆಸರಿನ ಮೇಲೆ ಬರೆಯದೆ, ಆಟಗಾರನ ಕಿವಿಗೆ ಆಟದ ಧ್ವನಿ ಮತ್ತು ತಂಡದವರ ಮಾತನ್ನು ಬಿಟ್ಟು ಬೇರೇನೂ ತಲುಪಬಾರದು ಎಂಬ ತತ್ತ್ವದ ಮೇಲೆ ಬರೆಯಿರಿ.

ಡೋಟಾ 2 ಎಂಬ ಕಂಪ್ಯೂಟರ್ ಆಟದ ದೊಡ್ಡ ಪಂದ್ಯಾವಳಿ ದಿ ಇಂಟರ್‌ನ್ಯಾಷನಲ್‌ನಲ್ಲಿ ಆಟಗಾರರನ್ನು ಧ್ವನಿನಿರೋಧಕ ಗಾಜಿನ ಕೋಣೆಗಳಲ್ಲಿ ಕೂರಿಸಿದ್ದನ್ನು ನೀವು ನೋಡಿರಬಹುದು. ಕೌಂಟರ್-ಸ್ಟ್ರೈಕ್‌ನ ದೊಡ್ಡ ವೇದಿಕೆಗಳಲ್ಲಿ ಸಾಮಾನ್ಯವಾಗಿ ಕಿವಿಯೊಳಗೆ ತಂತಿಯ ಇಯರ್‌ಫೋನ್, ಅದರ ಮೇಲೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಸೆಟ್, ಅದರಲ್ಲಿ ಮಳೆ ಸುರಿದಂತಹ ನಿರಂತರ ಶಬ್ದ, ಹೀಗೆ ಎರಡು ಪದರಗಳಿರುತ್ತವೆ. ಕಿವಿಮುಚ್ಚುಗೆಯು ಸಿಳ್ಳೆಯಂತಹ ಎತ್ತರದ ಸ್ವರಗಳನ್ನು ಚೆನ್ನಾಗಿ ತಡೆಯುತ್ತದೆಯಾದರೂ ಡೋಲು, ಕಾಲ್ತುಳಿತಗಳ ತಗ್ಗು ಸ್ವರಗಳನ್ನು ಅಷ್ಟಾಗಿ ತಡೆಯಲಾರದು. ನುಸುಳಿದ್ದನ್ನು ಆ ಶಬ್ದ ಮರೆಮಾಡುತ್ತದೆ. ಆದರೆ ಶಬ್ದವನ್ನು ಮಿತಿಮೀರಿ ಏರಿಸಬೇಡಿ. 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಎಂಬುದು ಅಮೆರಿಕದ ನಿಯೋಷ್ ಸಂಸ್ಥೆ ಕಾರ್ಮಿಕರಿಗೆ ಸೂಚಿಸಿದ ಮಿತಿ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹುಡುಗರ ಕಿವಿ ಒಂದು ಟ್ರೋಫಿಗಿಂತ ದೊಡ್ಡದು.

ನಿಮ್ಮ ಸಭಾಂಗಣಕ್ಕೆ ಕಾರ್ಖಾನೆಗಳಲ್ಲಿ ಬಳಸುವ ಸಾದಾ ಕಿವಿಮುಚ್ಚುಗೆಯನ್ನು ಇಯರ್‌ಫೋನಿನ ಮೇಲೆ ಹಾಕಿಸಿದರೂ ಬಹಳ ವ್ಯತ್ಯಾಸವಾಗುತ್ತದೆ. ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ: ಆಟದ ಸ್ವಂತ ಪ್ರಸಾರ ವ್ಯವಸ್ಥೆಯಾದ ಸಿಎಸ್‌ಟಿವಿಯ ವಿಳಂಬದ ಸೆಟ್ಟಿಂಗ್ ಬಳಸಿ ದೊಡ್ಡ ಪರದೆಯ ಚಿತ್ರವನ್ನು 40 ಸೆಕೆಂಡು, ಅಂದರೆ ಆಟದಲ್ಲಿ ಇಟ್ಟ ಬಾಂಬ್ ಸಿಡಿಯಲು ಬೇಕಾಗುವಷ್ಟು ಕಾಲ, ತಡವಾಗಿ ತೋರಿಸಿ. ಗೆದ್ದವರ ಹರ್ಷೋದ್ಗಾರ ಪರದೆಗಿಂತ ಮೊದಲೇ ಕೇಳಿಸಿ ಪ್ರೇಕ್ಷಕರ ಕುತೂಹಲ ಸ್ವಲ್ಪ ಕೆಡುತ್ತದೆ, ನಿಜ. ಆದರೂ ನಾನು ಅದನ್ನೇ ಆರಿಸುತ್ತೇನೆ.

ಬ್ಲೂಟೂತ್ ಬೇಡವೇ ಬೇಡ. ಧ್ವನಿ ತಡವಾಗಿ ಬರುವುದು ಆಟಗಾರನ ಸ್ವಂತ ನಷ್ಟವಾದರೂ, ಆ ಹೆಡ್‌ಸೆಟ್ ಹೊರಗಿನ ಯಾವುದಾದರೂ ಫೋನಿಗೆ ಜೋಡಿಯಾಗಿದೆಯೇ ಎಂದು ತೀರ್ಪುಗಾರರು ನೋಡಿ ಹೇಳಲಾಗುವುದಿಲ್ಲ. ವಿಂಡೋಸ್‌ನ ಲೌಡ್‌ನೆಸ್ ಈಕ್ವಲೈಸೇಶನ್ ಮಂದವಾದ ಹೆಜ್ಜೆ ಸಪ್ಪಳವನ್ನು ಗುಂಡಿನ ಸದ್ದಿನ ಸಮೀಪಕ್ಕೆ ಎತ್ತಿಕೊಡುವುದರಿಂದ ಅದನ್ನೂ ನಿಷೇಧಿಸಿ. ಆಟವೇ ದಿಕ್ಕಿನ ಸಂಸ್ಕರಣೆ ಮಾಡುತ್ತದೆ; ಅದರ ಮೇಲೆ ವರ್ಚುವಲ್ 7.1 ಹಾಕಿದರೆ ದಿಕ್ಕು ಕಲಸಿಹೋಗುತ್ತದೆ. ಆಗಸ್ಟ್ 2024ರಲ್ಲಿ ಈ ಆಟದ ತಯಾರಕ ಸಂಸ್ಥೆ ವಾಲ್ವ್ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಕೀಲಿಮಣೆಯ ಸ್ವಯಂಚಾಲಿತ ಒತ್ತುವಿಕೆಯನ್ನು ತಡೆದಾಗಲೂ ನೋಡಿದ್ದು ಬ್ರಾಂಡನ್ನಲ್ಲ, ಅದು ಮಾಡುವ ಕೆಲಸವನ್ನು.

ಎಡಗಿವಿ ಕೇಳಿಸದ ಆಟಗಾರನಿಗೆ ಎಡ-ಬಲದ ಸದ್ದನ್ನು ಬೆರೆಸಿ ಎರಡೂ ಕಿವಿಗೆ ಒಂದೇ ಆಗಿ ಕೊಡುವ ವಿಂಡೋಸ್‌ನ ಮೋನೋ ಆಡಿಯೋ ಬಳಸಲು ಅನುಮತಿ ಕೊಡಿ. ಅವನಿಗೆ ದಿಕ್ಕು ತಿಳಿಯುವುದಿಲ್ಲ, ಆದರೆ ಎಡಬದಿಯ ಸದ್ದು ಪೂರ್ತಿ ಕಳೆದುಹೋಗುವುದೂ ಇಲ್ಲ. ಇದರಲ್ಲಿ ಅನುಚಿತ ಲಾಭವೇನೂ ಇಲ್ಲ. ಪಂದ್ಯದ ನಡುವೆ ಅವನು ಕೈಯೆತ್ತಿ ಕೇಳಬೇಕಾಗದಂತೆ ಅದನ್ನು ನಿಯಮದಲ್ಲೇ ಬರೆದು, ಇಬ್ಬರೂ ನಾಯಕರಿಗೆ ಮೊದಲೇ ತಿಳಿಸಿ.

ಪ್ರಶ್ನೆ ಕೇಳಿದವರು:
ಕಿವಿಮುಚ್ಚುಗೆ, ತಂತಿಯ ಇಯರ್‌ಫೋನ್ ಹಾಕಿಸಿ ನಿನ್ನೆ ಪರೀಕ್ಷೆ ಮಾಡಿದೆವು. ಕೂಗು ಇನ್ನೂ ಕೇಳಿಸುತ್ತಿದೆ, ಆದರೆ ವಿಚಿತ್ರವೆಂದರೆ ಅದು ಇಯರ್‌ಫೋನಿನ ಒಳಗಿನಿಂದಲೇ ಬರುತ್ತಿದೆ.

ಉತ್ತರ:
ಅದು ಸಹ ಆಟಗಾರರ ಮೈಕ್ ಮೂಲಕ ಬರುತ್ತಿದೆ. ಸದಾ ತೆರೆದಿರುವ ಐದು ಮೈಕ್‌ಗಳು ಸಭಾಂಗಣವನ್ನೇ ತಂಡದ ಮಾತಿನೊಳಗೆ ತಂದುಬಿಡುತ್ತವೆ. ಪುಷ್-ಟು-ಟಾಕ್ (ಕೀಲಿ ಒತ್ತಿದಾಗ ಮಾತ್ರ ಮೈಕ್ ತೆರೆಯುವ ವ್ಯವಸ್ಥೆ) ಕಡ್ಡಾಯ ಮಾಡಿ, ಮೈಕನ್ನು ಬಾಯಿಗೆ ಎರಡು ಬೆರಳಿನ ಅಂತರದಲ್ಲಿಟ್ಟು ಅದರ ಗೇನ್ (ಸದ್ದು ಹಿಡಿಯುವ ಮಟ್ಟ) ತಗ್ಗಿಸಿ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆವು. ತೀರ್ಪುಗಾರರು ಆಟಗಾರನ ಕುರ್ಚಿಯಲ್ಲಿ ಕುಳಿತರು, ಮೊದಲ ಸಾಲಿನಿಂದ ಮೂವರು ಒಂದೊಂದಾಗಿ ಸಂಖ್ಯೆಗಳನ್ನು ಕೂಗಿದರು. ಹತ್ತರಲ್ಲಿ ಒಂದನ್ನೂ ಅವರು ಗುರುತಿಸಲಿಲ್ಲ. ಇದೇ ಪರೀಕ್ಷೆಯನ್ನು ಫೈನಲ್‌ಗೆ ಮುನ್ನ ಇಬ್ಬರೂ ನಾಯಕರ ಎದುರಿನಲ್ಲಿ ಮಾಡಲಿದ್ದೇವೆ.